ರಜೆ ಮುಗಿಯದ ಅಪ್ಪ: ಪುಣೆಯ ಒಂದು ಫೌಜಿ ಕುಟುಂಬದ ಪ್ರಕರಣ

ಈ ಪ್ರಕರಣ ನನ್ನ ಹತ್ತಿರ ಬಂದದ್ದು ತಲೆನೋವಾಗಿ. ಒಂಬತ್ತನೇ ಕ್ಲಾಸಿನ ಹುಡುಗಿ, ವಾರದಲ್ಲಿ ಎರಡು ದಿನವಾದರೂ ಶಾಲೆ ತಪ್ಪಿಸುತ್ತಿದ್ದಳು. ಬೆಳಿಗ್ಗೆ ಎದ್ದರೆ ತಲೆ ಸಿಡಿತ, ಮಧ್ಯಾಹ್ನಕ್ಕೆ ಮಾಯ. ಮಿಲಿಟರಿ ಆಸ್ಪತ್ರೆಯಲ್ಲಿ ಕಣ್ಣು ನೋಡಿದರು, ರಕ್ತ ನೋಡಿದರು, ಏನೂ ಸಿಗಲಿಲ್ಲ. ಒಮ್ಮೆ ಕೌನ್ಸೆಲರ್ ಹತ್ತಿರ ಮಾತಾಡಿಸಿ ಅಂದರು ಕ್ಲಾಸ್ ಟೀಚರ್. ನಾನು ಪುಣೆಯಲ್ಲಿ ಕುಟುಂಬ ಸಲಹೆಯ ಕೆಲಸ ಮಾಡುವವಳು, ಮೂಲತಃ ಧಾರವಾಡದ ಕಡೆಯವಳು. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ತಾಯಿ ಮಗಳನ್ನು ಕರೆದುಕೊಂಡು ಬಂದರು.

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ರೆಜಿಮೆಂಟು, ಹಳ್ಳಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಮನೆ ಮತ್ತು ಮನೆಮಂದಿ

ಅಪ್ಪ ಕಾಲ್ದಳದಲ್ಲಿ ಹವಾಲ್ದಾರ್. ಬೆಳಗಾವಿ ಜಿಲ್ಲೆಯ ಸವದತ್ತಿ ಕಡೆಯ ರೈತರ ಮನೆ, ಮೂರು ಎಕರೆ ಎರೆಹೊಲ. ಹತ್ತೊಂಬತ್ತನೇ ವಯಸ್ಸಿಗೆ ಭರ್ತಿಯಾದವರು. ಹವಾಲ್ದಾರ್ ದರ್ಜೆಯಲ್ಲಿ ಸಾಮಾನ್ಯವಾಗಿ 24 ವರ್ಷದ ಸರ್ವಿಸ್ ಆದಮೇಲೆ ಪಿಂಚಣಿ. ಅಂದರೆ ನಲವತ್ತೆರಡು ನಲವತ್ಮೂರಕ್ಕೆಲ್ಲ ನಿವೃತ್ತಿ. ಬ್ಯಾಂಕಿನವನೋ ಮೇಷ್ಟ್ರೋ ಬಡ್ತಿಗೆ ಕಾಯುವ ವಯಸ್ಸಿನಲ್ಲಿ ಫೌಜಿ ಪೆನ್ಷನ್ ಕಾಗದ ತುಂಬುತ್ತಿರುತ್ತಾನೆ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತೆ.

ಅಮ್ಮ ಪಿಯುಸಿ ಓದಿದವರು. ಮಗಳ ಕೆಳಗೆ ನಾಲ್ಕನೇ ಕ್ಲಾಸಿನ ಮಗ. ಅವನು ಕ್ರಿಕೆಟ್, ಮಿಸಳ್ ಪಾವ್, ಮರಾಠಿ ಬೈಗುಳ ಮೂರನ್ನೂ ಚೆನ್ನಾಗಿ ಕಲಿತು ಆರಾಮಾಗಿದ್ದ. ಅವನ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ.

ಮದುವೆಯಾದಾಗಿಂದ ಈ ಕುಟುಂಬ ಹೈದರಾಬಾದ್, ಬರೇಲಿ, ಜಮ್ಮು ಸುತ್ತಿ ಪುಣೆಗೆ ಬಂದಿದೆ. ಪುಣೆ ಅಂದರೆ ಐಟಿ, ಶನಿವಾರವಾಡೆ, ಭೀಮಸೇನ ಜೋಶಿಯವರು ಅಂತ ನಮ್ಮವರಿಗೆ ಗೊತ್ತು. ಇದು ಫೌಜಿಗಳ ಊರೂ ಹೌದು. ದಕ್ಷಿಣ ಕಮಾಂಡ್‌ನ ಮುಖ್ಯ ಕಚೇರಿ ಇಲ್ಲಿದೆ. ಪುಣೆ, ಖಡ್ಕಿ, ದೇಹೂ ರೋಡ್ ಅಂತ ಮೂರು ಕಂಟೋನ್ಮೆಂಟ್. ಖಡ್ಕಿಯಲ್ಲಿ ಸೇನೆಯ ಎಂಜಿನಿಯರ್ ದಳ ಬಾಂಬೆ ಸ್ಯಾಪರ್ಸ್, ದಾಪೋಡಿಯಲ್ಲಿ ಮಿಲಿಟರಿ ಎಂಜಿನಿಯರಿಂಗ್ ಕಾಲೇಜು, ಲೋಹಗಾಂವ್‌ನಲ್ಲಿ ವಾಯುಪಡೆ, ಖಡಕವಾಸ್ಲಾದಲ್ಲಿ ಸೇನಾಧಿಕಾರಿಗಳಾಗುವವರನ್ನು ತಯಾರು ಮಾಡುವ ಎನ್‌ಡಿಎ. ದಿಘಿ, ವಿಶ್ರಾಂತವಾಡಿ, ಧಾನೋರಿಯ ಗಲ್ಲಿಗಳಲ್ಲಿ ಅಂಗಳದಲ್ಲಿ ಕಪ್ಪು ಟ್ರಂಕು ಇರುವ ಮನೆ ಹುಡುಕಬೇಕಾಗಿಯೇ ಇಲ್ಲ.

ಇವರ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಬರೆದಿದೆ. ಪೋಸ್ಟಿಂಗ್ ಬದಲಾದಾಗ ಹಳೆಯದರ ಮೇಲೆ ಕಪ್ಪು ಬಳಿದು ಹೊಸದು ಬರೆಯುತ್ತಾರೆ. ಬೆಳಕು ಅಡ್ಡ ಬಿದ್ದರೆ ಕೆಳಗಿನ ಅಕ್ಷರ ಉಬ್ಬಿ ಕಾಣುತ್ತೆ: ಸಿಪಾಯಿ, ನಾಯಕ್, ಹವಾಲ್ದಾರ್. ಅದೇ ಟ್ರಂಕಿನ ಮೇಲೆ ಕಂಬಳಿ ಹಾಸಿ ಅಮ್ಮ ಬ್ಲೌಸ್ ಕತ್ತರಿಸುತ್ತಾರೆ.

ಅಪ್ಪ ಇಲ್ಲದ ಕಾಲ

ಯೂನಿಟ್ ಕಾಶ್ಮೀರಕ್ಕೆ ಹೋದಾಗ ಕುಟುಂಬ ಪುಣೆಯಲ್ಲೇ ಉಳಿಯಿತು. ಫೀಲ್ಡ್‌ಗೆ, ಅಂದರೆ ಇಂಥ ಗಡಿಯ ಕಡೆಯ ಪೋಸ್ಟಿಂಗ್‌ಗೆ, ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ಊರಿಗೆ ಬನ್ನಿ ಅಂದರು ಅತ್ತೆ. ಮಗಳ ಶಾಲೆ ಬಿಡಿಸಲ್ಲ ಅಂದರು ಅಮ್ಮ. ಕ್ವಾರ್ಟರ್ಸ್ ಬಿಡಬೇಕಾದಾಗ ದಿಘಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದರು.

ಮೊದಲ ಕೆಲವು ತಿಂಗಳ ದೊಡ್ಡ ಕಷ್ಟ ಯಾವುದು ಅಂತ ಕೇಳಿದೆ. ಒಂಟಿತನ, ಭಯ ಅಂತಾರೆ ಅಂದುಕೊಂಡಿದ್ದೆ. "ಓಟಿಪಿ ರೀ" ಅಂದರು. ಗ್ಯಾಸ್, ಬ್ಯಾಂಕು, ಆಧಾರ್, ಶಾಲೆಯ ಫೀ ಎಲ್ಲದಕ್ಕೂ ಗಂಡನ ನಂಬರ್. ಆ ನಂಬರ್ ಇರುವುದು ನೆಟ್‌ವರ್ಕ್ ಇಲ್ಲದ ಗುಡ್ಡದ ಮೇಲೆ. ಸಿಲಿಂಡರ್ ಬುಕ್ ಮಾಡೋಣ ಅಂದರೆ ಓಟಿಪಿ ಬಾರಾಮುಲ್ಲಾ ಕಡೆ ಎಲ್ಲೋ ಬೀಳುತ್ತಿತ್ತು. ಕೊನೆಗೆ ಅಮ್ಮ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಕಾಗದವನ್ನೆಲ್ಲ ಹಾಕಿಕೊಂಡು ಕೌಂಟರ್ ಕೌಂಟರ್ ಅಲೆದು ಒಂದೊಂದನ್ನೇ ತಮ್ಮ ನಂಬರಿಗೆ ಮಾಡಿಸಿಕೊಂಡರು. ಆ ಅಲೆದಾಟದಲ್ಲಿ ಮರಾಠಿ ಬಂತು, ಸ್ಕೂಟಿ ಬಂತು, ಕ್ಯೂನಲ್ಲಿ ಜಗಳ ಆಡುವ ಧೈರ್ಯವೂ ಬಂತು.

ಹೊಲಿಗೆ ಮೊದಲೇ ಗೊತ್ತಿತ್ತು. 1966ರಲ್ಲಿ ಶುರುವಾದ ಸೇನಾ ಪತ್ನಿಯರ ಕಲ್ಯಾಣ ಸಂಘ, ಆವಾ, ಹಲವು ಸ್ಟೇಷನ್‌ಗಳಲ್ಲಿ ಟೇಲರಿಂಗ್ ಕ್ಲಾಸ್ ನಡೆಸುತ್ತೆ. ಜಮ್ಮುವಿನಲ್ಲಿದ್ದಾಗ ಇವರು ಅಲ್ಲಿ ಕಲಿತಿದ್ದರು. ದಿಘಿಯಲ್ಲಿ ಪಿಕೋ-ಫಾಲ್‌ನಿಂದ ಶುರು. ಆಮೇಲೆ ಪಕ್ಕದ ಮನೆಯ ಮರಾಠಿ ಕಾಕು ಖಣದ ಬ್ಲೌಸ್ ಹೊಲಿಯೋಕೆ ಕೊಟ್ಟರು. ತುಂಡು ಕೈಗೆ ಬಂದ ಕೂಡಲೇ ಇದು ಗುಳೇದಗುಡ್ಡದ್ದು ಅಂತ ಅಮ್ಮನಿಗೆ ಗೊತ್ತಾಯಿತು, ಅವರ ತವರು ಬಾದಾಮಿ ಕಡೆ. ಮಹಾರಾಷ್ಟ್ರದ ಹೆಣ್ಣುಮಕ್ಕಳು ಹಬ್ಬಕ್ಕೆ ಉಡುವ ಖಣ ತಲೆಮಾರುಗಳಿಂದ ನಮ್ಮ ಬಾಗಲಕೋಟೆ ಜಿಲ್ಲೆಯ ಮಗ್ಗದಿಂದ ಬರುತ್ತಿದೆ. ಅಂಗಡಿಯವರ ಕೈ ದಾಟಿ ಬರುವಷ್ಟರಲ್ಲಿ ರೇಟು ಏರಿರುತ್ತೆ. ನಾನೇ ತರಿಸ್ತೀನಿ ಅಂದರು ಅಮ್ಮ. ತವರಿನಿಂದ ಅವರ ತಮ್ಮ ಬಸ್ಸಿನಲ್ಲಿ ಗಂಟು ಕಳಿಸಿದ. ಗುಡಿ ಪಾಡ್ವಾದ ಹೊತ್ತಿಗೆ ಮಷಿನ್ ರಾತ್ರಿ ಹನ್ನೊಂದರವರೆಗೂ ಓಡುತ್ತಿತ್ತು.

ಇಷ್ಟರ ಮಧ್ಯೆ 2025ರ ಏಪ್ರಿಲ್ 22 ಬಂತು. ಪಹಲ್ಗಾಮ್‌ನಲ್ಲಿ 26 ಜನ ಸತ್ತರು. ಮೇ ತಿಂಗಳಿಗೆ ಮಂಜೂರಾಗಿದ್ದ ಅಪ್ಪನ ರಜೆ ರದ್ದಾಯಿತು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ್, ಮೇ 10ಕ್ಕೆ ಗುಂಡಿನ ಕಾಳಗ ನಿಂತಿತು. ಆ ದಿನಗಳಲ್ಲಿ ಫೋನ್ ಇಲ್ಲ. ಅಮ್ಮ ಟಿವಿಯ ಪ್ಲಗ್ ಕಿತ್ತಿಟ್ಟು ಮಕ್ಕಳಿಗೆ ಕರೆಂಟ್ ಸಮಸ್ಯೆ ಅಂದರು. ಮಗಳಿಗೆ ಎಲ್ಲ ಗೊತ್ತಿತ್ತು. ಶಾಲೆಯಲ್ಲಿ ಅರ್ಧ ಕ್ಲಾಸು ಫೌಜಿ ಮಕ್ಕಳೇ ಅಲ್ವಾ. ಅವಳೂ ಅಮ್ಮನ ಮುಂದೆ ಏನೂ ಗೊತ್ತಿಲ್ಲದ ಹಾಗೆ ನಟಿಸಿದಳು. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಆ ವಾರ ದಾಟಿದರು. ಈ ವಿಷಯ ಇಬ್ಬರ ಬಾಯಿಂದಲೂ ಹೊರಬಿದ್ದದ್ದು ನನ್ನ ಮುಂದೆ, ಅದೂ ಜಗಳದ ಮಧ್ಯೆ.

ನೆಂಟರೆಲ್ಲ ಅಮ್ಮನನ್ನು ಹೊಗಳಿದರು. ಗಟ್ಟಿಗಿತ್ತಿ, ವೀರನ ಹೆಂಡತಿ, ಇನ್ನೂ ಏನೇನೋ. ಆ ಹೊಗಳಿಕೆಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಗಟ್ಟಿಗಿತ್ತಿ ಅಂತ ಕರೆಸಿಕೊಂಡವಳಿಗೆ ಆಮೇಲೆ ನನಗೆ ಆಗ್ತಿಲ್ಲ ಅನ್ನುವ ಹಕ್ಕು ಇರಲ್ಲ.

ಅಪ್ಪ ಬಂದಮೇಲೆ

ಕೊನೆಯ ಪೋಸ್ಟಿಂಗ್ ಪುಣೆಯ ಒಂದು ತರಬೇತಿ ಸಂಸ್ಥೆಗೆ ಆಯಿತು. ಶಾಂತಿ ಠಾಣ್ಯ, ಸಂಜೆ ಮನೆ. ಎಲ್ಲರೂ ಇದಕ್ಕೇ ಕಾದಿದ್ದು. ತಲೆನೋವು ಶುರುವಾದದ್ದು ಅದರ ಮುಂದಿನ ತಿಂಗಳು.

ಮೊದಲ ಭೇಟಿಯಲ್ಲಿ ಅಮ್ಮ ಮಗಳ ವಿಷಯ ಮಾತ್ರ ಹೇಳಿದರು. ಎರಡನೆಯ ಸಲ, ಹೊರಡುವಾಗ ಬಾಗಿಲ ಹತ್ತಿರ ನಿಂತು ಅಂದರು: "ಅವರು ಇಲ್ಲದಾಗ ನಾ ಒಂದ್ ದಿನಾನೂ ಅತ್ತಿಲ್ರೀ. ಬಂದ ಮ್ಯಾಲೆ ದಿನಾ ಬಾತ್‌ರೂಮಿನ್ಯಾಗ ನಳ ಬಿಟ್ಕೊಂಡು ಅಳಾಕತ್ತೀನಿ."

ಮಗಳನ್ನು ಒಬ್ಬಳನ್ನೇ ಕೂರಿಸಿ ಕೇಳಿದೆ. ಹಿಂದಿ, ಕನ್ನಡ ಬೆರೆಸಿ ಮಾತಾಡುವ ಹುಡುಗಿ. "ಪಪ್ಪಾ ರಜಾಕ್ಕ ಬಂದ್ರ ಚೊಲೊ ಇರ್ತಿತ್ತು ಆಂಟಿ. ಈಗ ರಜಾ ಮುಗಿಯೋದ ಇಲ್ಲ."

ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಿಎಲ್. ಆ ರಜೆಯ ಅಪ್ಪ ಬೇರೆಯೇ ಮನುಷ್ಯ. ಗೋಕಾಕದ ಕರದಂಟು ತರುತ್ತಾನೆ, ಬೈಯುವುದಿಲ್ಲ, ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುತ್ತಾನೆ. ಈಗ ಬಂದವರು ಐದಕ್ಕೆ ಎಬ್ಬಿಸುತ್ತಿದ್ದರು, ಮೊಬೈಲ್ ಪಾಸ್‌ವರ್ಡ್ ಕೇಳುತ್ತಿದ್ದರು. ಹಾಲ್‌ನಲ್ಲಿದ್ದ ಹೊಲಿಗೆ ಮಷಿನ್ ಎತ್ತಿ ಅಡುಗೆಮನೆಯ ಬಾಲ್ಕನಿಗೆ ಇಟ್ಟರು. ಗಿರಾಕಿಗಳು ಹಾಲ್‌ಗೆ ಬರೋದು ಸರಿ ಕಾಣಲ್ಲ ಅಂತ. ಅಮ್ಮನ ಉದ್ರಿ ವಹಿ ತೆಗೆದು ಯಾರ್ಯಾರು ಎಷ್ಟು ಬಾಕಿ ಅಂತ ಒಂದು ಹಾಳೆಯಲ್ಲಿ ಗೆರೆ ಹೊಡೆದು ಬರೆದರು. ಸಹಾಯ ಮಾಡಿದೆ ಅಂತಲೇ ಅವರ ಲೆಕ್ಕ. ಮಗಳು ಒಂದು ದಿನ "ಇಷ್ಟ್ ದಿನಾ ಎಲ್ಲಿದ್ರಿ?" ಅಂದುಬಿಟ್ಟಳು. ಅವತ್ತಿನಿಂದ ಅಪ್ಪ ರಾತ್ರಿ ಊಟ ಲಂಗರ್‌ನಲ್ಲೇ, ಅಂದರೆ ಜವಾನರ ಅಡುಗೆಮನೆಯಲ್ಲೇ, ಮುಗಿಸಿ ಬರತೊಡಗಿದರು.

ಅಪ್ಪ ನನ್ನ ಹತ್ತಿರ ಬರೋಕೆ ಒಪ್ಪಿದ್ದು ಮಗಳ ಸಲುವಾಗಿ ಅಂದಿದ್ದಕ್ಕೆ. ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆಯ ಮೇಲಿಟ್ಟು ಕೂತರು. ಪ್ರಶ್ನೆ ಕೇಳಿದರೆ ರಿಪೋರ್ಟ್ ಕೊಟ್ಟ ಹಾಗೆ ಉತ್ತರ. ಸುಮಾರು ಹೊತ್ತಾದ ಮೇಲೆ ಒಂದು ಮಾತು ಬಂತು: "ಅಲ್ಲಿ ಹತ್ ಮಂದಿ ಹುಡುಗರ್ನ ನಡಸ್ತಿದ್ದೆ ಮೇಡಂ. ಇಲ್ಲಿ ನನ್ನ ಫೋನಿಗೆ ಗ್ಯಾಸಿನ ಮೆಸೇಜ್ ಸೈತ ಬರಂಗಿಲ್ಲ."

ಓಟಿಪಿ ಮತ್ತೆ ಬಂತು ನೋಡಿ. ಅಮ್ಮ ಬದುಕಿ ಉಳಿಯಲು ಮಾಡಿಕೊಂಡ ಏರ್ಪಾಡೇ ಅಪ್ಪನಿಗೆ ತನ್ನ ಜಾಗ ಹೋಯಿತು ಅನ್ನುವುದಕ್ಕೆ ಸಾಕ್ಷಿಯಾಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಅದಕ್ಕೇ ಜಗಳ ಬಗೆಹರಿಯುವುದು ಕಷ್ಟ.

ಇಂಥದ್ದು ಹೊಸತೇನಲ್ಲ. 1987ರಲ್ಲಿ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಎಂಬುವರು ಅಮೆರಿಕದ ನೌಕಾಪಡೆಯವರ ಹೆಂಡಂದಿರ ಅನುಭವವನ್ನು ಏಳು ಹಂತಗಳಲ್ಲಿ ವಿವರಿಸಿದ್ದರು. ಅದರಲ್ಲಿ ಕೊನೆಯ ಎರಡು, ಗಂಡ ವಾಪಸ್ ಬಂದಮೇಲಿನವು. ದಾಂಪತ್ಯದ ಒಪ್ಪಂದವನ್ನು ಮತ್ತೆ ಕೂತು ಮಾತಾಡಿಕೊಳ್ಳಬೇಕಾದ ಹಂತ ಅದು. ಪಾಲಿನ್ ಬಾಸ್ ಎಂಬ ಸಂಶೋಧಕಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರ ಜೊತೆ ಕೆಲಸ ಮಾಡಿದವರು. ಅವರು ಎರಡು ಬಗೆಯ ನಷ್ಟದ ಬಗ್ಗೆ ಹೇಳುತ್ತಾರೆ. ಒಂದರಲ್ಲಿ ಮನುಷ್ಯ ಕಣ್ಣೆದುರು ಇಲ್ಲ, ಮನೆಯವರ ಮನಸ್ಸಿನಲ್ಲಿ ಇದ್ದಾನೆ. ಇನ್ನೊಂದರಲ್ಲಿ ಎದುರಿಗೇ ಕೂತಿದ್ದಾನೆ, ಆದರೆ ಇದ್ದೂ ಇಲ್ಲ. ಈ ಮನೆ ಮೊದಲನೆಯದನ್ನು ನಿಭಾಯಿಸಿತ್ತು. ಎರಡನೆಯದಕ್ಕೆ ಯಾರೂ ಇವರನ್ನು ತಯಾರು ಮಾಡಿರಲಿಲ್ಲ. ಫೀಲ್ಡ್‌ಗೆ ಹೊರಟಾಗ ಆರತಿ ಎತ್ತಿ, ತಿಲಕ ಇಟ್ಟು ಕಳಿಸುತ್ತೇವೆ. ಬಂದಾಗ ಹೋಳಿಗೆ ಮಾಡಿ ಬಡಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ.

ಅಪ್ಪನ ನಿದ್ದೆ ನನಗೆ ಯೋಚನೆ ತರಿಸಿತ್ತು. ನಾಲ್ಕು ಗಂಟೆ ಮಲಗಿದರೆ ಹೆಚ್ಚು. ದೀಪಾವಳಿ ಪಟಾಕಿಗೆ ಟೆರೇಸಿನಿಂದ ಇಳಿದುಬಂದಿದ್ದರು. ಸೇನೆಯ ವೈದ್ಯರನ್ನು ನೋಡಿ ಅಂದೆ. ಒಪ್ಪಲಿಲ್ಲ. ಸೇನೆಯ ಆರೋಗ್ಯ ವರ್ಗೀಕರಣಕ್ಕೆ ಶೇಪ್ ಅಂತಾರೆ, ಅದರ ಮೊದಲ ಅಕ್ಷರ ಎಸ್ ಇರುವುದು ಮಾನಸಿಕ ಆರೋಗ್ಯಕ್ಕೆ. ಅಲ್ಲಿ ಒಂದು ಗೆರೆ ಬಿದ್ದರೆ ಮುಂದಿನ ನೌಕರಿಗೆ ಕುತ್ತು ಅನ್ನುವ ಭಯ. ಈ ಭಯ ಸುಳ್ಳು ಅಂತ ನಾನು ಹೇಳಲಾರೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೂ ಮಾತಾಡಬಹುದು. ಸೇನೆಯವರಿಗೂ ಅವರ ಮನೆಯವರಿಗೂ ಅಂತಲೇ 2023ರ ಕೊನೆಗೆ ಪುಣೆಯ ಎಎಫ್‌ಎಂಸಿಯಲ್ಲಿ, ಅಂದರೆ ಸೇನೆಯ ವೈದ್ಯಕೀಯ ಕಾಲೇಜಿನಲ್ಲಿ, ಅದರ ಒಂದು ಘಟಕ ಶುರುವಾಗಿದೆ. ಆ ನಂಬರ್ ಕೊಟ್ಟೆ. ಫೋನ್ ಮಾಡಿದ್ದೆ ಅಂತ ಆಮೇಲೆ ಅವರೇ ಹೇಳಿದರು, ಏನು ಮಾತಾಡಿದರೋ ನಾನು ಕೇಳಲಿಲ್ಲ. ನಿದ್ದೆ ಸ್ವಲ್ಪ ಸುಧಾರಿಸಿದೆ.

ಎರಡು ಹೆಸರಿನ ಹೆಂಡತಿ

ಪ್ರಕರಣ ತಿರುಗಿದ್ದು ನನ್ನ ಕೋಣೆಯಲ್ಲಿ ಅಲ್ಲ, ಪೆನ್ಷನ್ ಕಾಗದದಲ್ಲಿ.

ಪಿಂಚಣಿ ಈಗ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತೆ. ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಎಲ್ಲ ದಾಖಲೆಯಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ನಾಳೆ ಗಂಡನಿಗೆ ಏನಾದರೂ ಆದರೆ ಫ್ಯಾಮಿಲಿ ಪೆನ್ಷನ್‌ಗೆ ಹೆಂಡತಿ ತಾನೇ ಹೆಂಡತಿ ಅಂತ ಸಾಬೀತು ಮಾಡಬೇಕಾಗುತ್ತೆ. ಇವರ ಮನೆಯಲ್ಲಿ ಹೆಸರು ಎರಡಿದ್ದವು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಹುಡುಗಿಗೆ ಹೊಸ ಹೆಸರು ಇಡುತ್ತಾರೆ. ಅತ್ತೆ ಇಟ್ಟ ಆ ಹೆಸರನ್ನೇ ಗಂಡ ಯೂನಿಟ್‌ನಲ್ಲಿ ಬರೆಸಿದ್ದರು. ಮದುವೆ, ಮಕ್ಕಳು ಏನೇ ಆದರೂ ಸೇನೆಯಲ್ಲಿ ಅದು ಪಾರ್ಟ್ ಟೂ ಆರ್ಡರ್ ಅನ್ನುವ ಯೂನಿಟ್ ಆದೇಶದಲ್ಲಿ ಪ್ರಕಟವಾಗಬೇಕು, ಆಮೇಲೆ ರೆಕಾರ್ಡ್ ಆಫೀಸಿಗೆ ಹೋಗುತ್ತೆ. ಹಾಗಾಗಿ ಸೇನೆಯ ಪಾಲಿಗೆ ಆಕೆ ಒಬ್ಬಳು. ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಬ್ಯಾಂಕಿನ ಪಾಲಿಗೆ ತವರಿನ ಹೆಸರಿನ ಇನ್ನೊಬ್ಬಳು.

ಆಧಾರ್ ಬದಲಿಸೋಣ, ಸುಲಭ ಅಂದರು ಅಪ್ಪ. ಅವರ ಮಟ್ಟಿಗೆ ಅದು ಆಫೀಸಿನ ಕೆಲಸ.

ಅಮ್ಮ ಒಪ್ಪಲಿಲ್ಲ. ಇಡೀ ಪ್ರಕರಣದಲ್ಲಿ ಆಕೆ ಧ್ವನಿ ಏರಿಸದೆ ಹಟ ಹಿಡಿದದ್ದು ಇದೊಂದಕ್ಕೇ. ಕ್ಯಾಂಟೀನ್ ಕಾರ್ಡು, ಡಿಪೆಂಡೆಂಟ್ ಕಾರ್ಡು, ಆಸ್ಪತ್ರೆ ಎಲ್ಲೆಡೆ ಗಂಡನ ಆರ್ಮಿ ನಂಬರ್ ಹೇಳಿದರೇ ತನಗೊಂದು ಗುರುತು. ಅಲ್ಲಿ ಇರುವ ಹೆಸರೂ ತನ್ನದಲ್ಲ. ತನ್ನ ದುಡ್ಡಿನ ಖಾತೆ, ಖಣದ ಗಂಟಿನ ಮೇಲೆ ತಮ್ಮ ಬರೆಯುವ ಹೆಸರು, ದಿಘಿಯ ಗಿರಾಕಿಗಳು ಕರೆಯುವ ಹೆಸರು ತವರಿನದು. "ಆಧಾರ್ ಬದಲ ಮಾಡಂಗಿಲ್ಲ. ನಿಮ್ಮ ರೆಕಾರ್ಡ್ ಬದಲ ಮಾಡ್ರಿ" ಅಂದರು. ಹದಿನಾರು ವರ್ಷದಲ್ಲಿ ಗಂಡನಿಗೆ ಇಂಥ ಮಾತು ಆಡಿದ್ದು ಮೊದಲ ಸಲವಂತೆ.

ಅಪ್ಪ ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಯೂನಿಟ್ ಕ್ಲರ್ಕ್ ಹತ್ತಿರ ಕೇಳಿಕೊಂಡು ಬಂದು, ಊಟದ ತಟ್ಟೆಯ ಪಕ್ಕ ಕಾಗದ ಇಟ್ಟುಕೊಂಡು ಕೂತರು. ನೋಟರಿ ಅಫಿಡವಿಟ್ ಬೇಕು, ಪೇಪರಿನಲ್ಲಿ ಜಾಹೀರಾತು ಕೊಡಬೇಕು, ಪಾರ್ಟ್ ಟೂ ಆರ್ಡರ್ ಆಗಬೇಕು, ರೆಕಾರ್ಡ್ ಆಫೀಸಿನಿಂದ ಒಪ್ಪಿಗೆ ಬರಬೇಕು. ಅಪ್ಪ ಹೆಂಡತಿಯನ್ನು ಕೇಳಿದರು: "ಸ್ಪೆಲ್ಲಿಂಗ್ ಹೆಂಗ ಬೇಕ ನಿನಗ?"

ಅಮ್ಮ ಇದನ್ನು ನನಗೆ ಹೇಳುವಾಗ ನಕ್ಕರು. ಇಂಗ್ಲಿಷಿನಲ್ಲಿ ಒಂದು ಎ ಇರಬೇಕೋ ಎರಡೋ ಅಂತ ಇಬ್ಬರೂ ಅರ್ಧ ಗಂಟೆ ವಾದ ಮಾಡಿದರಂತೆ. ಮಗಳು ಮಧ್ಯೆ ಬಂದು ಮಾರ್ಕ್ಸ್ ಕಾರ್ಡ್ ತೋರಿಸಿ ತೀರ್ಮಾನ ಕೊಟ್ಟಳು.

ನಾನು ಇದನ್ನು ಅರ್ಥ ಮಾಡಿಕೊಂಡದ್ದು ಹೀಗೆ. ಇದು ಅಪ್ಪನಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಫೌಜಿನ ಕಾಗದದ ಕಾಡಿನಲ್ಲಿ ದಾರಿ ಗೊತ್ತಿದ್ದದ್ದು ಆ ಮನೆಯಲ್ಲಿ ಅವರೊಬ್ಬರಿಗೇ. ಅಮ್ಮ ನಡೆಸುತ್ತಿದ್ದ ಕೆಲಸವನ್ನು ಕಿತ್ತುಕೊಂಡು ಜಾಗ ಮಾಡಿಕೊಳ್ಳುವ ಬದಲು, ಯಾರೂ ಮಾಡದೆ ಬಿದ್ದಿದ್ದ ಕೆಲಸದಲ್ಲಿ ಅವರಿಗೆ ಜಾಗ ಸಿಕ್ಕಿತು. ಗಂಡಸಿಗೆ ಮನೆಗೆಲಸ ಹಂಚಿಕೊಡಿ ಅಂತ ಸಲಹೆ ಕೊಡುವುದು ಸುಲಭ. ತನ್ನದೇ ಅನ್ನುವ ಕೆಲಸ ಸಿಗುವವರೆಗೆ ಆ ಸಲಹೆ ಈ ಮನುಷ್ಯನಿಗೆ ಫಟೀಕ್ ಡ್ಯೂಟಿಯ, ಅಂದರೆ ಜವಾನರಿಗೆ ಹಚ್ಚುವ ಕಸ ಬಳಿಯುವಂಥ ಬಿಟ್ಟಿ ಕೆಲಸದ, ಹಾಗೇ ಕಂಡಿತ್ತು.

ಅತ್ತೆಗೆ ಸಿಟ್ಟು ಬಂತು. ನಾನಿಟ್ಟ ಹೆಸರು ಬ್ಯಾಡಾದ್ವೇನು ಅಂದರು. ಅವರ ಸಿಟ್ಟೂ ಸುಳ್ಳಲ್ಲ, ಪ್ರೀತಿಯಿಂದಲೇ ಇಟ್ಟಿದ್ದರು. ಮನೆಯಲ್ಲಿ ಅವರು ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ, ಸೊಸೆ ಓ ಅನ್ನುತ್ತಾರೆ. ರೆಕಾರ್ಡ್ ಮಾತ್ರ ಬದಲಾಗುತ್ತಿದೆ.

ಮಗಳು

ಮಷಿನ್ ಹಾಲ್‌ಗೆ ವಾಪಸ್ ಬಂತು. ಅಪ್ಪ ಊರಿಗೆ ಹೋದಾಗ ಗುಳೇದಗುಡ್ಡದ ದಾರಿ ಹಿಡಿದು ಖಣ ತರತೊಡಗಿದರು. ಮೊದಲ ಸಲ ಅಮ್ಮ ಬರೆದುಕೊಟ್ಟ ಬಣ್ಣ ಬಿಟ್ಟು ಬರೀ ಹಸಿರು ತಂದರು. ಅರ್ಧ ಗಂಟು ಇನ್ನೂ ಮಾರಾಟವಾಗಿಲ್ಲ. ಆದರೆ ನಾಜೂಕಾಗಿ ವ್ಯಾಪಾರ ಮಾಡಿ ರೇಟು ಇಳಿಸಿಕೊಂಡು ಬಂದಿದ್ದರು, ಅದನ್ನು ಅಮ್ಮನೂ ಒಪ್ಪುತ್ತಾರೆ.

ಮಗಳ ತಲೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅವಳ ಪ್ರಶ್ನೆ ಬೇರೆ ಇತ್ತು. ಕೇಂದ್ರೀಯ ವಿದ್ಯಾಲಯದ ಮಗು ಅವಳು. ಊರು ಬದಲಾದರೂ ಅದೇ ಸಮವಸ್ತ್ರ, ಅದೇ ಪುಸ್ತಕ. ಒಂದು ಕೆವಿಯ ಟಿಸಿ ತೋರಿಸಿದರೆ ಇನ್ನೊಂದರಲ್ಲಿ ಸೀಟು. ಫೌಜಿ ಮಕ್ಕಳ ಓದು ಉಳಿದಿರುವುದು ಬಹುಮಟ್ಟಿಗೆ ಈ ವ್ಯವಸ್ಥೆಯಿಂದ. ಆದರೆ ಹಿಂದಿ, ಇಂಗ್ಲಿಷ್, ಸಂಸ್ಕೃತದ ಮಧ್ಯೆ ಕನ್ನಡ ಓದೋಕೆ ಅವಳಿಗೆ ಜಾಗವೇ ಸಿಗಲಿಲ್ಲ. ಊರಲ್ಲಿ ಅವಳನ್ನು "ಹಿಂದಿ ಹುಡುಗಿ" ಅಂತಾರೆ, ದಿಘಿಯಲ್ಲಿ "ಕಾನಡಿ", ಕ್ಲಾಸಿನಲ್ಲಿ "ಸೌತ್ ಇಂಡಿಯನ್". ಅಪ್ಪನಿಗೆ ಮಾತ್ರ ಸಂಶಯವಿಲ್ಲ: ನಮ್ಮೂರು ಸವದತ್ತಿ. ನಿವೃತ್ತಿಯಾದ ಕೂಡಲೇ ಎಲ್ಲರೂ ಊರಿಗೆ ಅನ್ನುವುದು ಅವರ ಹಳೆಯ ಕನಸು. ಹಿಮದಲ್ಲಿ ಕಾವಲು ನಿಂತಾಗ ಮನೆಯ ನಕ್ಷೆ ತಲೆಯಲ್ಲೇ ಕಟ್ಟಿದ್ದರಂತೆ, ಜಗಲಿ ಎಷ್ಟು ಅಡಿ ಅನ್ನುವುದೂ ಸೇರಿ.

ಆ ಕನಸಿನಲ್ಲಿ ತನ್ನ ಹತ್ತನೇ ಕ್ಲಾಸಿನ ವರ್ಷ ಎಲ್ಲಿ ಅಂತ ಮಗಳು ಕೇಳಿದಳು. ಸಿಬಿಎಸ್‌ಇಯಲ್ಲಿ ಒಂಬತ್ತಕ್ಕೇ ಬೋರ್ಡಿನ ನೋಂದಣಿ ಆಗುತ್ತೆ, ಹತ್ತರಲ್ಲಿ ಶಾಲೆ ಬದಲಿಸುವುದು ರಗಳೆ. ಅವಳಿಗೆ ಅದಕ್ಕಿಂತ ದೊಡ್ಡ ಕಾರಣ ಇತ್ತು: ಮೊದಲ ಬಾರಿಗೆ ಮೂರು ವರ್ಷ ಉಳಿದ ಗೆಳತಿಯರು. ಇದನ್ನು ಮೂವರೂ ಎದುರು ಬದುರು ಕೂತು ಮಾತಾಡಿದ್ದು ನನ್ನ ಕೋಣೆಯಲ್ಲಿ. ಅಪ್ಪ ಬಹಳ ಹೊತ್ತು ಕೇಳಿಸಿಕೊಂಡರು. ಮೇ ತಿಂಗಳ ಸುಳ್ಳಿನ ವಿಷಯ ಹೊರಬಂದದ್ದು ಆಗಲೇ. ಟಿವಿ ಪ್ಲಗ್ ಕಿತ್ತದ್ದು ಅಪ್ಪನಿಗೆ ಗೊತ್ತೇ ಇರಲಿಲ್ಲ. ತಾನು ಇಲ್ಲದಿದ್ದಾಗ ಈ ಮನೆಯಲ್ಲಿ ಏನಾಯಿತು ಅಂತ ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ಅಲ್ಲಿ ಏನಾಯಿತು ಅಂತ ಇವರೂ ಕೇಳಿರಲಿಲ್ಲ.

ಈಗ ಎಲ್ಲಿಗೆ ಬಂದಿದೆ

ಮಗಳ ಹನ್ನೆರಡನೇ ಕ್ಲಾಸು ಮುಗಿಯುವವರೆಗೆ ಪುಣೆ ಬಿಡುವುದಿಲ್ಲ ಅನ್ನುವುದು ತೀರ್ಮಾನವಾಗಿದೆ. ಊರಿನ ಮನೆಗೆ ಪಾಯ ಹಾಕಿಸುತ್ತಾರೆ, ಕಟ್ಟುವುದು ಆಮೇಲೆ.

ಉಳಿದಿರುವುದು ಡಿಎಸ್‌ಸಿ, ಅಂದರೆ ಡಿಫೆನ್ಸ್ ಸೆಕ್ಯುರಿಟಿ ಕೋರ್ ಸೇರುವ ಪ್ರಶ್ನೆ. ನಿವೃತ್ತ ಸೈನಿಕರನ್ನು ಮತ್ತೆ ಸೇರಿಸಿಕೊಂಡು ರಕ್ಷಣಾ ಇಲಾಖೆಯ ಆವರಣಗಳ ಕಾವಲಿಗೆ ಹಾಕುವ ದಳ ಅದು, ಕೇಂದ್ರ ಕಣ್ಣೂರಿನಲ್ಲಿದೆ. ಪಿಂಚಣಿಯ ಜೊತೆಗೆ ಸಂಬಳ ಬರುತ್ತೆ. ಆದರೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹಾಕಬಹುದು. ಸುಮ್ನೆ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅನ್ನುತ್ತಾರೆ ಅಪ್ಪ. ಪುಣೆಯಲ್ಲೇ ಸೆಕ್ಯುರಿಟಿ ಕೆಲಸವಾದರೂ ಸರಿ ಅನ್ನುತ್ತಾರೆ ಅಮ್ಮ. ಹವಾಲ್ದಾರ್ ಆಗಿದ್ದವನು ಸೊಸೈಟಿ ಗೇಟಿನಲ್ಲಿ ಸೆಲ್ಯೂಟ್ ಹೊಡೆಯಲ್ಲ ಅನ್ನುತ್ತಾರೆ ಅಪ್ಪ. ಅಪ್ಪನೂ ಖಣದ ವ್ಯಾಪಾರವನ್ನೇ ಹಿಡಿದು ದೊಡ್ಡದು ಮಾಡಲಿ ಅನ್ನುವುದು ಮಗಳ ಸೂಚನೆ. ಅಮ್ಮನಿಗೆ ಅದು ಅಷ್ಟಾಗಿ ಹಿಡಿಸಿಲ್ಲ. ನನ್ನ ವಹಿಗೆ ಮತ್ತೆ ಗೆರೆ ಹೊಡಿತಾರ್ರೀ ಅಂದರು.

ನಿವೃತ್ತಿಗೆ ಇನ್ನೂ ಸಮಯ ಇದೆ. ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಬಂದಾಗ ಡಿಎಸ್‌ಸಿ ಅರ್ಜಿಯನ್ನು ಯಾರು ತುಂಬಬೇಕು, ಅದರಲ್ಲಿ ಯಾರ ಮೊಬೈಲ್ ನಂಬರ್ ಬರೆಯಬೇಕು ಅಂತ ಇಬ್ಬರೂ ವಾದ ಮಾಡುತ್ತಿದ್ದರು.